ಮುಂದಿನ ಎರಡೂ ಟೈರು

ಗೋರೆಗಾಂವ್‌ನಿಂದ ಕುರ್ಲಾಕ್ಕೆ ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ ಎಂದರೆ ಕೇಳಿದವರು ನನ್ನನ್ನು ಅನುಕೂಲಸ್ಥೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಕಾರು ಸಣ್ಣದು, ನನಗೆ ಬರುವ ಹೊತ್ತಿಗೇ ಒಬ್ಬರ ಕೈ ದಾಟಿತ್ತು. ಅಮ್ಮನಿಗೆ ಲೋಕಲ್ ರೈಲು ಹತ್ತಿ ಇಳಿಯಲು ಆಗದೇ ಹೋದಾಗ, ಅವಳನ್ನು ಆಸ್ಪತ್ರೆಗೆ ಕರೆದೊಯ್ಯಲೆಂದು ನಲವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಅದನ್ನು ಕೊಂಡೆ. ಎರಡು ವರ್ಷ ಅಮ್ಮ ಅದರಲ್ಲಿ ಓಡಾಡಿದಳು. ಅವಳು ತೀರಿಕೊಂಡ ಮೇಲೆ ಮಾರಿಬಿಡೋಣ ಎಂದು ಎರಡು ಮೂರು ಸಲ ಅನ್ನಿಸಿತು. ಆದರೆ ಅಷ್ಟರಲ್ಲಿ ನನ್ನ ಮೊಣಕಾಲೂ ರೈಲು ಬದಲಿಸುವ ದಾದರಿನ ಬ್ರಿಜ್ಜಿನ ಮೆಟ್ಟಿಲಿಗೆ ತಕರಾರು ತೆಗೆಯತೊಡಗಿತ್ತು. ಕಾರು ಮನೆಯಲ್ಲಿ ಉಳಿಯಿತು.

ಕುರ್ಲಾದ ಒಂದು ಸಣ್ಣ ಪೆಥಾಲಜಿ ಲ್ಯಾಬಿನಲ್ಲಿ ನಾನು ಟೆಕ್ನೀಶಿಯನ್. ರಕ್ತ ತೆಗೆಯುವುದು, ಸ್ಲೈಡ್ ನೋಡುವುದು, ರಿಪೋರ್ಟಿಗೆ ಮೊದಲ ಸಹಿ ಹಾಕುವುದು. ಮದುವೆ ಆಗಲಿಲ್ಲ. ಅದರ ಹಿಂದೆ ಹೇಳುವಂಥ ಕಥೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕುಳಿತು ಬದುಕು ಸವೆಸಿದವರು. ನಾನು ಓದಿದ್ದು ಅಲ್ಲಿಯ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಹಿಂದಿ ಮರಾಠಿ. ಅಮ್ಮ ಹೋದ ಮೇಲೆ ಮನೆಯಲ್ಲಿ ತುಳು ನಿಂತುಹೋಯಿತು. ಕನ್ನಡವೂ ಹೆಚ್ಚುಕಡಿಮೆ ನಿಂತಂತೆಯೇ ಇತ್ತು, ಅವಳು ಬರುವವರೆಗೆ.

ಅವಳು ನಮ್ಮ ಲ್ಯಾಬಿಗೆ ನೆಲ ಒರೆಸಲು, ಗಾಜಿನ ಸಾಮಾನು ತೊಳೆಯಲು ಬಂದವಳು. ವಿಜಯಪುರ ಜಿಲ್ಲೆಯವಳು, ವಯಸ್ಸು ನಲವತ್ತರ ಹತ್ತಿರ. ಕೆಲಸಕ್ಕೆ ಸೇರಿದ ಮೊದಲ ವಾರ, ಸಿಂಕಿನ ಮುಂದೆ ನಿಂತು ಟೆಸ್ಟ್ ಟ್ಯೂಬುಗಳನ್ನು ಬ್ರಶ್ಶಿನಿಂದ ಉಜ್ಜುತ್ತ, "ಇದರಾಗ ಬೆಳ್ಳ ಹೋಗಂಗಿಲ್ಲಲ್ಲ ಯವ್ವಾ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಮೈಕ್ರೋಸ್ಕೋಪಿನಿಂದ ತಲೆ ಎತ್ತಿದೆ.

"ಕನ್ನಡವಾ ನಿಂದು?" ಎಂದು ಕೇಳಿದೆ.

ಅವಳು ಒದ್ದೆ ಕೈಯಲ್ಲೇ ತಿರುಗಿ ನಿಂತಳು. "ಹೌದ್ರಿ! ನಿಮ್ದೂ ಕನ್ನಡ ಏನ್ರಿ? ನಾ ಇಷ್ಟ ದಿನ ನಿಮ್ಮ ಜೋಡಿ ಹಿಂದಿದಾಗ ಒದ್ದಾಡಾಕತ್ತಿದ್ನಲ್ರಿ!"

ಅವಳ ಮನೆಯೂ ಗೋರೆಗಾಂವ್ ಪೂರ್ವದಲ್ಲೇ, ಹೈವೇಯ ಆಚೆಗೆ ಗುಡ್ಡದ ಬದಿಯ ಒಂದು ಚಾಳಿನಲ್ಲಿ ಎಂದು ಗೊತ್ತಾದದ್ದು ಆಮೇಲೆ. ಒಂದು ದಿನ ಮಳೆಗೆ ಲೋಕಲ್ ನಿಂತಾಗ ಅವಳನ್ನು ಕಾರಿನಲ್ಲಿ ಕರೆದುಕೊಂಡು ಬಂದೆ. ಮರುದಿನ ಬೆಳಿಗ್ಗೆ ಹೈವೇ ಬಸ್‌ಸ್ಟಾಪಿನಲ್ಲಿ ಅವಳು ನಿಂತಿರುವುದು ಕಂಡು ಮತ್ತೆ ಹತ್ತಿಸಿಕೊಂಡೆ. ಹಾಗೆ ಶುರುವಾದದ್ದು ಮೂರು ವರ್ಷ ನಡೆಯಿತು. ಬೆಳಿಗ್ಗೆ ಏಳೂ ಹತ್ತಕ್ಕೆ ಬಸ್‌ಸ್ಟಾಪ್, ಸಂಜೆ ನಾಲ್ಕೂವರೆಗೆ ಲ್ಯಾಬಿನ ಗೇಟು.

ಅವಳು ನನ್ನನ್ನು 'ಅಕ್ಕಾರ' ಎನ್ನುತ್ತಿದ್ದಳು. ನಾನು ಅವಳನ್ನು ನೀನು ಎನ್ನುತ್ತಿದ್ದೆ. ನಮ್ಮಿಬ್ಬರ ಕನ್ನಡ ಒಂದೇ ಅಲ್ಲ. ನಾನು "ಎಂತ ಮಾರಾಯ್ತಿ" ಅಂದರೆ ಅವಳಿಗೆ ನಗು. ಅವಳು "ಗಪ್ಪನ" ಅಂದರೆ ನನಗೆ ನಗು. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಸಿಕ್ಕಿಕೊಂಡರೂ ನಮಗೆ ಗೊತ್ತಾಗುತ್ತಿರಲಿಲ್ಲ. ಮಗಳ ಶಾಲೆ, ನಳದ ನೀರು, ನನ್ನ ಬಿಪಿ, ಲ್ಯಾಬಿನ ಡಾಕ್ಟರ ಸಿಟ್ಟು, ಜೋಳದ ಹಿಟ್ಟು ಈ ಊರಿನಲ್ಲಿ ಯಾಕೆ ಜಿಗಿ ಬರುವುದಿಲ್ಲ ಎಂಬುದು. ಇಷ್ಟೇ ಮಾತು. ಆದರೆ ನನ್ನ ದಿನದಲ್ಲಿ ಕೆಲಸದ ಹೊರಗಿನ ಮಾತೆಂದರೆ ಅಷ್ಟೇ ಇತ್ತು. ಅವಳಿಗೆ ನಾನು ಉಪಕಾರ ಮಾಡುತ್ತಿದ್ದೇನೆ ಎಂದು ನನ್ನ ಮನಸ್ಸಿನ ಒಂದು ಮೂಲೆಯಲ್ಲಿ ಯಾವಾಗಲೂ ಇತ್ತು. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಇತ್ತು.

ಅವಳ ಗಂಡ ಟೆಂಪೋ ಓಡಿಸುವವನು. ಮದುವೆಯಾದ ಹೊಸತರಲ್ಲಿ ಊರಿನಿಂದ ದ್ರಾಕ್ಷಿ ತುಂಬಿಕೊಂಡು ವಾಶಿ ಮಾರ್ಕೆಟ್ಟಿಗೆ ಬರುವಾಗ ಇವಳೂ ಜೊತೆಗೆ ಕುಳಿತು ಬರುತ್ತಿದ್ದಳಂತೆ. ದಾರಿಯಲ್ಲಿ ನಿಂತಾಗಲೆಲ್ಲ ಟೆಂಪೋ ಸುತ್ತ ಹೋಗಿ ಟೈರಿಗೆ ಕಲ್ಲಿನಿಂದ ಬಡಿದು ಸಪ್ಪಳ ಕೇಳುವ ಕೆಲಸ ಇವಳದು. ಬಿಗಿಯಾದ ಸಪ್ಪಳ ಬಂದರೆ ಗಾಳಿ ಸರಿ ಇದೆ, ದಪ್ಪಗೆ ಬಂದರೆ ಇಳಿದಿದೆ. ಆ ಅಭ್ಯಾಸ ಅವಳಿಗೆ ಹೋಗಿರಲಿಲ್ಲ. ನನ್ನ ಕಾರಿಗೆ ಹತ್ತುವ ಮುಂಚೆಯೂ ಒಂದು ಸಲ ಕೆಳಗೆ ಕಣ್ಣು ಹಾಯಿಸಿಯೇ ಹತ್ತುವಳು. "ಅಕ್ಕಾರ, ಹಿಂದಿನ ಎಡಕಿಂದು ಗಾಳಿ ಕಮ್ಮಿ ಐತ್ರಿ" ಎಂದು ಅವಳು ಹೇಳಿದ ದಿನ ಪೆಟ್ರೋಲ್ ಪಂಪಿನಲ್ಲಿ ನೋಡಿಸಿದರೆ ಕಮ್ಮಿಯೇ ಇರುತ್ತಿತ್ತು.

ಹೋದ ವರ್ಷ ಎಪ್ರಿಲಿನಲ್ಲಿ ಒಂದು ಬೆಳಿಗ್ಗೆ ಅವಳು ಬಾಗಿಲು ತೆಗೆಯದೆ ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಳು. ನಾನು ಕಿಟಕಿ ಇಳಿಸಿ, "ಎಂತ ಬಿತ್ತು?" ಅಂದೆ.

"ಏನೂ ಬಿದ್ದಿಲ್ರಿ. ಮುಂದಿನ ಎರಡೂ ಟಾಯರ್ ಬೋಳ ಆಗ್ಯಾವ ನೋಡ್ರಿ. ಮಳಿ ಬರೂದ್ರಾಗ ಬದಲಿ ಮಾಡಸ್ರಿ."

"ಸರ್ವಿಸಿಂಗಿಗೆ ಕೊಡ್ತೇನಲ್ಲ, ಆಗ ನೋಡುವ. ಹತ್ತು, ತಡ ಆಗ್ತದೆ."

ಹತ್ತಿದಳು. ಆ ದಿನದ ಮಾತು ಬೇರೆ ಕಡೆಗೆ ಹೋಯಿತು.

ಮೇ ತಿಂಗಳಲ್ಲಿ ಇನ್ನೊಮ್ಮೆ. ಈ ಸಲ ಅವಳು ನನ್ನನ್ನು ಕಾರಿನಿಂದ ಇಳಿಸಿದಳು. ಬಸ್ಸಿಗೆ ಕಾದು ನಿಂತ ಹತ್ತು ಹನ್ನೆರಡು ಜನ ನೋಡುತ್ತಿದ್ದಂತೆ, ಟೈರಿನ ಗೆರೆಯೊಳಗೆ ಉಗುರು ಇಟ್ಟು ತೋರಿಸಿದಳು. ಗೆರೆಯ ತಳದಲ್ಲಿ ಅಲ್ಲಲ್ಲಿ ರಬ್ಬರಿನದೇ ಒಂದು ಸಣ್ಣ ದಿಂಡು ಇರುತ್ತದೆ. "ಈ ದಿಂಡು ಮ್ಯಾಲಿನ ರಬ್ಬರಿಗೆ ಸಮ ಆತಂದ್ರ ಟಾಯರ್ ಮುಗೀತಂತನ ಅರ್ಥ್ರಿ. ಬೆಳ್ಳ ಹಾಕಿ ನೋಡ್ರಿ ನೀವ. ಇಲ್ಲಿ ಸಮ ಆಗೇತಿ. ಒಳಮಗ್ಗಲಂತೂ ಇನ್ನೂ ಹಾಳಾಗೇತಿ. ನೀರಾಗ ಇದು ನೆಲಾ ಹಿಡಿಯಂಗಿಲ್ರಿ, ಜಾರತೈತಿ."

ಜನರ ಮುಂದೆ ನನಗೆ ಮುಜುಗರವಾಯಿತು. ಬೆರಳು ಹಾಕಿ ನೋಡಲಿಲ್ಲ. "ಗೊತ್ತುಂಟು ನನಗೆ. ಮಾಡಿಸ್ತೇನೆ ಅಂದೆ ಅಲ್ಲ" ಎಂದೆ. ದನಿ ಸ್ವಲ್ಪ ಗಡುಸಾಗಿಯೇ ಬಂತು. ಅವಳು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಹತ್ತಿ ಕುಳಿತಳು.

ನನಗೆ ಗೊತ್ತಿರಲಿಲ್ಲ ಎಂದಲ್ಲ. ಟೈರು ಸವೆಯುತ್ತದೆ, ಬದಲಿಸಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಕೈಯಲ್ಲಿ ದುಡ್ಡೂ ಇತ್ತು. ಭಾನುವಾರಗಳೂ ಇದ್ದವು, ಬೇಕಾದಷ್ಟು. ಅದೇ ಮೇ ತಿಂಗಳಲ್ಲಿ ನಮ್ಮ ಲ್ಯಾಬಿನ ಡಾಕ್ಟರು ಒಂದು ದಿನ ನನ್ನ ಕಾರಿನಲ್ಲಿ ಸ್ಟೇಷನ್‌ವರೆಗೆ ಬಂದವರು, ಗಾಜಿನ ಕಡೆ ನೋಡಿ, "ನಿಮ್ಮ ವೈಪರ್ ಹಳತಾಗಿದೆ, ಮಳೆಗೆ ಮುಂಚೆ ಬದಲಿಸಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮರುದಿನ ಸಂಜೆಯೇ ಹೊಸ ವೈಪರ್ ಹಾಕಿಸಿದೆ. ವೈಪರ್ ಹಾಕಿಸುವಾಗ ಅವಳು ಕಾರಿನೊಳಗೇ ಕುಳಿತಿದ್ದಳು. ಟೈರಿನ ಮಾತು ಹೇಳಿದವಳು ನೆಲ ಒರೆಸುವವಳಾಗಿರದೆ ಬೇರೆ ಯಾರಾದರೂ ಆಗಿದ್ದರೆ ನಾನು ಎಪ್ರಿಲಿನಲ್ಲೇ ಅಂಗಡಿಗೆ ಹೋಗುತ್ತಿದ್ದೆ. ಇದು ನನಗೆ ಆಮೇಲೆ ಹೊಳೆದದ್ದು. ಹೊಳೆದ ಮೇಲೆ ಮರೆಯಲು ಆಗಿಲ್ಲ.

ಜೂನ್ ಮೊದಲ ವಾರ ಒಂದು ಸಣ್ಣ ಮಳೆ ಬಂತು. ವಾಕೋಲಾ ಹತ್ತಿರ ಸಿಗ್ನಲಿನಲ್ಲಿ ಹೊರಡುವಾಗ ಮುಂದಿನ ಚಕ್ರ ನಿಂತಲ್ಲೇ ಒಂದು ಸುತ್ತು ಹೊರಳಿ, ಆಮೇಲೆ ಹಿಡಿತ ಸಿಕ್ಕಿ ಮುಂದೆ ಹೋಯಿತು. ನನಗೂ ಗೊತ್ತಾಯಿತು, ಅವಳಿಗೂ. ಅವಳು ಮೇಲಿನ ಹ್ಯಾಂಡಲ್ ಹಿಡಿದುಕೊಂಡಳು, ಆದರೆ ಬಾಯಿ ಬಿಡಲಿಲ್ಲ. ಮೂರನೆಯ ಸಲ ಹೇಳಿಸಿಕೊಳ್ಳಬೇಕಾಗಲಿಲ್ಲವಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಅದಾಗಿ ಎರಡು ವಾರಕ್ಕೆ ಆದದ್ದು ಇಷ್ಟು. ಬೆಳಿಗ್ಗೆ ಏಳೂಮುಕ್ಕಾಲು ಇರಬೇಕು. ಹೈವೇ ಬಿಟ್ಟು ಕುರ್ಲಾ ಕಡೆಗೆ ಹೋಗುವ ಫ್ಲೈಓವರಿನ ಇಳಿಜಾರಿನಲ್ಲಿದ್ದೆವು. ಜೋರು ಮಳೆಯೇನಲ್ಲ, ಬಿಟ್ಟು ಬಿಟ್ಟು ಬರುತ್ತಿತ್ತು. ರಸ್ತೆಯ ಮೇಲೆ ಎಣ್ಣೆಯ ಬಣ್ಣ ಬಣ್ಣದ ಪದರ. ಅವಳು ಮಗಳ ಒಂಬತ್ತನೆಯ ಕ್ಲಾಸಿನ ಪುಸ್ತಕದ ವಿಷಯ ಹೇಳುತ್ತಿದ್ದಳು. ಮುಂದಿದ್ದ ಟೆಂಪೋದ ಹಿಂದಿನ ಕೆಂಪು ದೀಪ ಹತ್ತಿತು. ನಾನು ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಇನ್ನೂ ಒತ್ತಿದೆ. ಸ್ಟೇರಿಂಗ್ ಕೈಯಲ್ಲಿ ಹಗುರಾಯಿತು, ಯಾವುದಕ್ಕೂ ಸಂಬಂಧವೇ ಇಲ್ಲದ ಹಾಗೆ. ಕಾರು ಎಡಕ್ಕೆ ತಿರುಗುತ್ತ ಜಾರಿ ಹೋಗಿ ಬದಿಯ ಗೋಡೆಗೆ ಬಡಿಯಿತು.

ಬಹಳ ವೇಗವಿರಲಿಲ್ಲ. ಬೆಲ್ಟು ಹಾಕಿದ್ದೆವು. ನನಗೆ ಕೊರಳಿನ ಹತ್ತಿರ ಬೆಲ್ಟು ಉಜ್ಜಿದ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಅವಳು ಮಾತ್ರ ಹೆದರಿ ಡ್ಯಾಶ್‌ಬೋರ್ಡಿಗೆ ಎಡಗೈ ಕೊಟ್ಟಿದ್ದಳು. ಇಡೀ ಮೈಯ ಭಾರ ಆ ಮಣಿಕಟ್ಟಿನ ಮೇಲೆ ಬಿದ್ದಿತ್ತು.

"ಏನೂ ಆಗಿಲ್ರಿ ಅಕ್ಕಾರ, ನಿಮಗ ಏನಾತ್ರಿ?" ಎಂದಳು. ಅವಳ ಕೈ ಮಣಿಕಟ್ಟಿನ ಹತ್ತಿರ ಬಾಗಿದ್ದು ನನಗೆ ಕಾಣುತ್ತಿತ್ತು. ಅವಳಿಗೆ ಇನ್ನೂ ನೋವು ಶುರುವಾಗಿರಲಿಲ್ಲ.

ಯಾರೋ ಇಬ್ಬರು ಸ್ಕೂಟರಿನವರು ನಿಂತು ಸಹಾಯ ಮಾಡಿದರು. ಟ್ರಾಫಿಕ್ ಪೋಲೀಸರು ಬಂದರು, ಕಾರನ್ನು ಎಳೆಸಿ ಕುರ್ಲಾದ ಒಂದು ಗ್ಯಾರೇಜಿಗೆ ಹಾಕಿಸಿದರು. ಲ್ಯಾಬಿನ ಹತ್ತಿರದ ಎಲುಬಿನ ಡಾಕ್ಟರಲ್ಲಿ ಎಕ್ಸ್‌ರೇ ಆಯಿತು. ಎರಡು ಕಡೆ ಮುರಿದಿತ್ತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಅಷ್ಟು ಹೊತ್ತೂ ಅವಳು ಅಳಲಿಲ್ಲ. ಪ್ಲಾಸ್ಟರ್ ಹಾಕುವವನು ಕೈ ಎಳೆದಾಗ ಮಾತ್ರ ಬಲಗೈಯಿಂದ ನನ್ನ ಡ್ರೆಸ್ಸಿನ ತೋಳು ಹಿಡಿದುಕೊಂಡಳು.

ಮಧ್ಯಾಹ್ನದ ಹೊತ್ತಿಗೆ ಅವಳ ಗಂಡ ಬಂದ. ಅವನನ್ನು ನಾನು ಮೊದಲು ಒಂದೆರಡು ಸಲ ದೂರದಿಂದ ಕಂಡಿದ್ದೆ, ಅಷ್ಟೆ. ಗಟ್ಟಿಮುಟ್ಟಾದ, ಮಾತು ಕಮ್ಮಿಯ ಮನುಷ್ಯ. ಹೆಂಡತಿಯ ಕೈ ನೋಡಿದ, ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ಎಲ್ಲೈತ್ರಿ? ಗ್ಯಾರೇಜದಾವ್ರು ನಿಮಗ ಸುಳ್ಳಪಳ್ಳ ಹೇಳ್ತಾರ. ನಡೀರಿ, ನಾ ಬರ್ತೀನಿ" ಎಂದ. ನನ್ನಿಂದ ಕೈ ಮುರಿಸಿಕೊಂಡವಳ ಗಂಡ ನನಗೆ ಸಹಾಯ ಮಾಡಲು ಹೊರಟಿದ್ದ.

ಮೂವರೂ ಗ್ಯಾರೇಜಿಗೆ ಹೋದೆವು. ಅವಳನ್ನು ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂರಿಸಿದೆವು. ಅವನು ಕಾರಿನ ಮೂತಿ ನೋಡಿದ, ಬಾನೆಟ್ ಎತ್ತಿ ನೋಡಿದ, ಮೆಕ್ಯಾನಿಕ್ಕಿನ ಜೊತೆ ಹಿಂದಿಯಲ್ಲಿ ಎರಡು ಮಾತಾಡಿದ. ಆಮೇಲೆ ಕುಳಿತುಕೊಂಡು ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದ. ಒಳಮಗ್ಗುಲಿಗೆ ಬೆರಳು ಹಾಕಿ ಹೊರತೆಗೆದು ನೋಡಿಕೊಂಡ. ಇನ್ನೊಂದಕ್ಕೂ ಹಾಗೇ ಮಾಡಿದ. ಎದ್ದು ನಿಂತು ಕೇಳಿದ:

"ಟಾಯರ್ ಇಷ್ಟ ಬೋಳ ಆಗ್ಯಾವಲ್ರಿ ಅಕ್ಕಾರ. ಇಕಿ ನಿಮಗ ಹೇಳಿದ್ದಿಲ್ಲೇನ್ರಿ?"

ಬೆಂಚು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವಳಿಗೆ ಕೇಳುತ್ತಿತ್ತು.

ನಾನು "ಇಲ್ಲ" ಎಂದೆ. "ಟೈರಿನ ವಿಷಯ ಏನೂ ಹೇಳಿರಲಿಲ್ಲ."

ಯಾಕೆ ಹಾಗೆಂದೆ? ಆಮೇಲೆ ಎಷ್ಟೋ ದಿನ ಇದನ್ನೇ ಯೋಚಿಸಿದ್ದೇನೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಮೆಕ್ಯಾನಿಕ್ ನೋಡುತ್ತಿದ್ದ. ಇವೆಲ್ಲ ನಿಜ. ಆದರೆ ಹೆದರಿಕೆಯಿಂದ ಬಾಯಿ ತಪ್ಪಿ ಬಂದ ಮಾತಲ್ಲ ಅದು. ಐವತ್ತು ದಾಟಿದವಳು, ರಿಪೋರ್ಟಿಗೆ ಸಹಿ ಹಾಕುವವಳು, ಎರಡು ಸಲ ಹೇಳಿಸಿಕೊಂಡೂ ಕೇಳಲಿಲ್ಲ ಎಂದು ಒಬ್ಬ ಟೆಂಪೋ ಡ್ರೈವರನ ಎದುರು ಒಪ್ಪಿಕೊಳ್ಳುವುದು ನನ್ನಿಂದ ಆಗಲಿಲ್ಲ.

ಅವನು ಹೆಂಡತಿಯ ಕಡೆ ತಿರುಗಿದ. "ಹೌದೇನ? ನೋಡಿದ್ದಿಲ್ಲೇನು ನೀ?"

ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು. ಸಿಟ್ಟಿನಿಂದ ಅಲ್ಲ. ಗುರುತು ಸಿಗದವರನ್ನು ನೋಡಿದ ಹಾಗೆ. ಆಮೇಲೆ ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡು, "ಇಲ್ಲ. ನಾ ನೋಡಿದ್ದಿಲ್ಲ" ಎಂದಳು.

ಅವನು ತಲೆಯಾಡಿಸಿದ. ರಿಕ್ಷಾ ಹಿಡಿದು ಇಬ್ಬರೂ ಸ್ಟೇಷನ್ನಿಗೆ ಹೋದರು.

ಕಾರಿನ ಮೂತಿ ರಿಪೇರಿಯಾಗಲು ಹತ್ತು ದಿನ ಹಿಡಿಯಿತು. ಅದಾದ ಮೇಲೆ ನೇರವಾಗಿ ಟೈರಿನ ಅಂಗಡಿಗೆ ತೆಗೆದುಕೊಂಡು ಹೋಗಿ ನಾಲ್ಕನ್ನೂ ಬದಲಿಸಲು ಹೇಳಿದೆ. ಅಂಗಡಿಯವನು ವಯಸ್ಸಾದ ಮನುಷ್ಯ, ಕನ್ನಡಕ ಹಣೆಯ ಮೇಲೆ. ಹಳೆಯ ಟೈರು ಬಿಚ್ಚಿ ನೆಲದ ಮೇಲೆ ಮಲಗಿಸಿ, ಬದಿಯಲ್ಲಿ ಒತ್ತಿದ ಅಕ್ಷರಗಳ ಕೊನೆಯಲ್ಲಿದ್ದ ನಾಲ್ಕು ಅಂಕಿ ತೋರಿಸಿದ. ಮೊದಲಿನ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷವಂತೆ. ಲೆಕ್ಕ ಹಾಕಿದರೆ ನಾನು ಕಾರು ಕೊಳ್ಳುವುದಕ್ಕೂ ಎರಡು ವರ್ಷ ಮೊದಲು ತಯಾರಾದ ಟೈರುಗಳು. ಬದಿಯನ್ನು ಬಗ್ಗಿಸಿದರೆ ಒಣಗಿದ ಹಿಮ್ಮಡಿಯಂತೆ ಸಣ್ಣ ಸಣ್ಣ ಬಿರುಕು. ಹಿಂದಿನ ಎರಡರಲ್ಲಿ ಗೆರೆ ಇನ್ನೂ ಚೆನ್ನಾಗಿಯೇ ಇತ್ತು, ಆದರೆ ರಬ್ಬರು ಗಟ್ಟಿಯಾಗಿ ಹೋಗಿತ್ತು. ಗೆರೆ ಇದ್ದ ಮಾತ್ರಕ್ಕೆ ಟೈರು ಚೆನ್ನಾಗಿದೆ ಎಂದಲ್ಲ, ಓಡದಿದ್ದರೂ ಅದಕ್ಕೆ ವಯಸ್ಸಾಗುತ್ತದೆ ಎಂದು ಅವನು ವಿವರಿಸಿದ. ಮುಂದಿನದರ ಒಳಮಗ್ಗುಲಲ್ಲಿ ರಬ್ಬರು ಮುಗಿದು ತಂತಿ ಕಾಣುತ್ತಿತ್ತು. ಚಕ್ರಗಳು ನೇರ ಕೂತಿಲ್ಲದಿದ್ದರೆ ಹೀಗೆ ಒಂದೇ ಕಡೆ ಸವೆಯುತ್ತದಂತೆ. ಹೊರಗಿನಿಂದ ನಿಂತು ನೋಡಿದರೆ ಕಾಣುವುದಿಲ್ಲ, ಕುಳಿತು ಕೈಹಾಕಿಯೇ ನೋಡಬೇಕು.

"ಯೇ ತೋ ದೋ ಬಾರಿಶ್ ಪೆಹಲೇ ಬದಲ್‌ನಾ ಥಾ, ಮ್ಯಾಡಮ್" ಎಂದ. ಎರಡು ಮಳೆಗಾಲದ ಮೊದಲೇ ಬದಲಿಸಬೇಕಿತ್ತು. ಅಷ್ಟು ವರ್ಷದ ರಿಪೋರ್ಟುಗಳಲ್ಲಿ ಒಂದು ಅಂಕಿಯನ್ನೂ ತಪ್ಪಿ ಬರೆಯದ ನಾನು, ದಿನವೂ ಓಡಿಸುವ ಕಾರಿನ ಮೈಮೇಲೆ ಬರೆದಿದ್ದ ನಾಲ್ಕು ಅಂಕಿ ಓದಿರಲಿಲ್ಲ.

ಹೊಸ ಟೈರಿನ ಕಾರಿನಲ್ಲಿ ಒಬ್ಬಳೇ ಹೋಗಿಬರತೊಡಗಿದೆ. ಮೊದಲ ವಾರ ಬಸ್‌ಸ್ಟಾಪಿನ ಹತ್ತಿರ ಬಂದಾಗ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದರೆ ಮುಂದೆ ಹೋಗುವೆ. ರೇಡಿಯೋ ಹಾಕಿದೆ, ಅದರ ಗಲಾಟೆ ಸೇರಲಿಲ್ಲ. ದಿನ ಬಿಟ್ಟು ದಿನ ಅವಳಿಗೆ ಫೋನ್ ಮಾಡುತ್ತಿದ್ದೆ.

"ಕೈ ಹೇಗುಂಟು?"

"ಆರಾಮ ಐತ್ರಿ ಮೇಡಂ."

"ಊಟಕ್ಕೆ ಎಂತ ಮಾಡ್ತಿ?"

"ಮಗಳ ಮಾಡ್ತಾಳ್ರಿ ಮೇಡಂ. ಫೋನ್ ಇಡ್ಲೇನ್ರಿ?"

ಅವಳು ಮೇಡಂ ಅನ್ನುತ್ತಿದ್ದಾಳೆ ಎಂದು ನನಗೆ ಗೊತ್ತಾದದ್ದು ಮೂರನೆಯ ಫೋನಿನಲ್ಲಿ. ಆಮೇಲೆ ಫೋನ್ ಮಾಡುವುದು ವಾರಕ್ಕೊಮ್ಮೆ ಆಯಿತು.

ಜುಲೈಯ ಒಂದು ಭಾನುವಾರ, ಅದರ ಹಿಂದಿನ ಭಾನುವಾರ ಅವಳಿಗೆ ಫೋನ್ ಮಾಡಿದ ಮೇಲೆ ನಾನು ಒಂದು ವಾಕ್ಯ ಕನ್ನಡವನ್ನೂ ಆಡಿಲ್ಲ ಎಂದು ಹೊಳೆಯಿತು. ಗಂಟಲು ಸರಿಪಡಿಸಿಕೊಂಡು "ಮಳೆ ಬರ್ತಾ ಉಂಟು" ಎಂದು ಅಡುಗೆಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ನಾಚಿಕೆಯಾಯಿತು. ಲೋಕಲ್ ಹಿಡಿದು ಮಾಟುಂಗಕ್ಕೆ ಹೋದೆ. ಅಪ್ಪ ಕುಳಿತಿದ್ದ ಹೋಟೆಲ್ ಈಗ ಇಲ್ಲ, ಅದರ ಪಕ್ಕದ ಬೀದಿಯಲ್ಲಿ ಅಂಥದೇ ಇನ್ನೊಂದಿದೆ. ಇಡ್ಲಿ ತಿಂದು, "ಇನ್ನೊಂದು ಕಾಫಿ ಕೊಡಿ, ಸಕ್ಕರೆ ಕಮ್ಮಿ" ಎಂದೆ. ಬಟ್ಟಲು ಎತ್ತುತ್ತಿದ್ದವನು ಬಗ್ಗಿ "ಕ್ಯಾ ಬೋಲಾ?" ಎಂದು ಕೇಳಿದ. ಒಡಿಶಾ ಕಡೆಯವನಂತೆ. ಹಿಂದಿಯಲ್ಲಿ ಹೇಳಿದೆ. ಗಲ್ಲೆಯಲ್ಲಿದ್ದವರು ಕನ್ನಡದವರೇ ಇರಬಹುದು, ಮುಖ ನಮ್ಮ ಕಡೆಯದೇ. ಆದರೆ ಅವರು ಫೋನಿನಲ್ಲಿದ್ದರು. ಕಾಫಿ ಕುಡಿದು, ಅವರು ಫೋನ್ ಇಡಬಹುದೇನೋ ಎಂದು ಸ್ವಲ್ಪ ಹೊತ್ತು ಸೋಂಪು ಬಾಯಿಗೆ ಹಾಕಿಕೊಂಡು ನಿಂತೆ. ಇಡಲಿಲ್ಲ. ಮನೆಗೆ ಬಂದೆ.

ಅವಳ ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳು ಲ್ಯಾಬಿಗೆ ಬರಲಿಲ್ಲ. ಆಗಸ್ಟಿನ ಒಂದು ಸಂಜೆ ನಾನೇ ಅವರ ಮನೆಗೆ ಹೋದೆ. ಕಾರನ್ನು ಹೈವೇ ಬದಿಯಲ್ಲಿ ನಿಲ್ಲಿಸಿ, ಕೇಳಿಕೊಂಡು, ಗುಡ್ಡದ ಮೆಟ್ಟಿಲು ಹತ್ತಿದೆ. ಮೊಣಕಾಲು ನೋವಿನಲ್ಲಿ ಎರಡು ಕಡೆ ಕುಳಿತೆ. ಮೂರು ವರ್ಷ ಒಟ್ಟಿಗೆ ಓಡಾಡಿದರೂ ನಾನು ಅವಳ ಮನೆ ನೋಡಿರಲಿಲ್ಲ, ಅವಳನ್ನು ನನ್ನ ಮನೆಗೂ ಕರೆದಿರಲಿಲ್ಲ. ಅದು ಮೆಟ್ಟಿಲ ಮೇಲೆ ಕುಳಿತಾಗ ನೆನಪಿಗೆ ಬಂತು.

ಬಾಗಿಲಲ್ಲಿ ಮಗಳು ನಿಂತಿದ್ದಳು. ಒಳಗೆ ತಿರುಗಿ, "ಮಮ್ಮೀ, ಲ್ಯಾಬ್‌ವಾಲೀ ಮ್ಯಾಡಮ್ ಆಯೀ ಹೈ" ಎಂದು ನಾನು ಬಂದದ್ದನ್ನು ಹಿಂದಿಯಲ್ಲಿ ಹೇಳಿದಳು.

ಒಂದೇ ಕೋಣೆ, ಅಚ್ಚುಕಟ್ಟು. ಗಂಡನೂ ಇದ್ದ. ನನಗೆ ಇದ್ದೊಂದು ಕುರ್ಚಿ ಕೊಟ್ಟರು. ಅವಳು ಹೆಚ್ಚಾಗಿ ಬಲಗೈಯಲ್ಲೇ ಚಹಾ ಇಟ್ಟಳು. ಎಡಗೈಯನ್ನು ಬಳಸುತ್ತಿದ್ದಳು, ಆದರೆ ಅದು ಪೂರ್ತಿ ತಿರುಗುತ್ತಿರಲಿಲ್ಲ. ನಾನು ಚಹಾ ಮುಗಿಯುವವರೆಗೂ ಕಾಯಲಿಲ್ಲ. ಕಾದಿದ್ದರೆ ಹೇಳುತ್ತಿರಲಿಲ್ಲವೇನೋ.

"ಆ ದಿನ ಗ್ಯಾರೇಜಿನಲ್ಲಿ ನಾನು ಸುಳ್ಳು ಹೇಳಿದೆ" ಎಂದೆ ಅವಳ ಗಂಡನಿಗೆ. "ಇವಳು ಎರಡು ಸಲ ಹೇಳಿದ್ದಳು. ಕೈಹಾಕಿ ತೋರಿಸಿದ್ದಳು. ನಾನೇ ಕೇಳಲಿಲ್ಲ."

ಅವನು ಕಪ್ಪನ್ನು ಕೆಳಗಿಟ್ಟ. "ನನಗ ಗೊತ್ತಿತ್ರಿ."

ನಾನೂ ನನ್ನ ಕಪ್ಪನ್ನು ಕೆಳಗಿಟ್ಟೆ.

"ಎಪ್ರಿಲ್‌ದಾಗ ಮನಿಗಿ ಬಂದು ಹೇಳಿದ್ಲ್ರಿ, ಅಕ್ಕಾರ ಗಾಡಿ ಟಾಯರ್ ಹ್ವಾದೂವು ಅಂತ. ಹೇಳ್ಕೋತ ಇರು, ಕೇಳ್ತಾರ ಅಂದಿದ್ದೆ ನಾನು."

"ಮತ್ತೆ ಅವತ್ತು ಯಾಕೆ ಕೇಳಿದಿರಿ?"

"ನೀವು ಏನಂತೀರಿ ನೋಡೂಣು ಅಂತ ಕೇಳಿದ್ನಿರಿ." ಅವನ ದನಿಯಲ್ಲಿ ಕಹಿ ಇರಲಿಲ್ಲ. "ನೀವು ಇಲ್ಲಂದ್ರಿ. ಆಕಿ ನಿಮ್ಮ ಮಾತು ಉಳಿಸಿದ್ಲು. ನಾ ಆಕಿ ಮಾತು ಉಳಿಸಿದೆ. ಅಷ್ಟ."

ಅವಳು ಒಲೆಯ ಕಡೆಗೆ ಮುಖ ಮಾಡಿ ನಿಂತಿದ್ದಳು. "ಇರ್ಲಿ ಬಿಡ್ರಿ ಮೇಡಂ, ಅದನ್ಯಾಕ ಈಗ" ಎಂದಳು.

ನಾನು ಅವಳ ಹತ್ತಿರ ಹೋಗಿ ಕೈ ಹಿಡಿದು ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಷ್ಟು ಸಣ್ಣ ಕೋಣೆಯಲ್ಲಿ ಕುರ್ಚಿಯಿಂದ ಒಲೆಗೆ ಎರಡು ಹೆಜ್ಜೆ. ಏಳಲಿಲ್ಲ. "ಟೈರು ನಾಲ್ಕೂ ಹೊಸದು ಹಾಕಿಸಿದ್ದೇನೆ. ಸೋಮವಾರದಿಂದ ಬರ್ತೀಯಾ? ನೆಲ ಒರೆಸುವುದು ಬೇಡ, ಟ್ಯೂಬಿಗೆ ಚೀಟಿ ಅಂಟಿಸುವ ಕೆಲಸ ಕೊಡಿಸ್ತೇನೆ, ಡಾಕ್ಟರ ಹತ್ತಿರ ಮಾತಾಡಿದ್ದೇನೆ" ಎಂದೆ.

"ಛಲೋ ಮಾಡಿದ್ರಿ, ಟಾಯರ್ ಹಾಕ್ಸಿದ್ದು" ಎಂದಳು. ಆಮೇಲೆ ಸೆರಗು ಸರಿಪಡಿಸಿಕೊಳ್ಳುತ್ತ ಹೇಳಿದಳು: "ಇಲ್ಲೇ ಕೆಳಗ ಸಣ್ಣ ಹುಡುಗರ ಸಾಲಿ ಐತ್ರಿ. ಅಲ್ಲಿ ಆಯಾ ಅಂತ ತಗೊಂಡಾರ. ನಡಕೋತ ಹೋಗಿ ಬರಬಹುದು. ಕುರ್ಲಾತನಕ ಈಗ ಆಗಂಗಿಲ್ರಿ."

ಮುನಿಸಿನ ಮಾತಲ್ಲ. ಮನೆಯ ಹತ್ತಿರ ಕೆಲಸ ಸಿಕ್ಕರೆ ಯಾರು ಬಿಡುತ್ತಾರೆ? ಒಳ್ಳೆಯದೇ ಆಯಿತು ಎಂದು ನಾನೂ ಹೇಳಿದೆ. ಹೊರಡುವಾಗ ಗಂಡ ಟಾರ್ಚು ಹಿಡಿದು ಕೆಳಗಿನವರೆಗೆ ಬಂದ. ಅವಳು ಬಾಗಿಲಲ್ಲಿ ನಿಂತಳು.

ಲ್ಯಾಬಿಗೆ ಈಗ ಬೇರೆ ಹೆಂಗಸು ಬರುತ್ತಾಳೆ, ಕುರ್ಲಾದವಳೇ. ನನ್ನ ದಾರಿಯಲ್ಲಿ ಹತ್ತುವವರು ಯಾರೂ ಇಲ್ಲ. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಬಿಲ್ಡಿಂಗಿನ ಅಂಗಳದಲ್ಲಿ ಹಳೆಯ ಪೇಪರ್ ಹಾಸಿ ಕುಳಿತು ನಾಲ್ಕೂ ಟೈರು ನೋಡುತ್ತೇನೆ, ಒಳಮಗ್ಗುಲಿಗೂ ಕೈಹಾಕಿ. ಡಿಕ್ಕಿಯೊಳಗಿನ ಸ್ಟೆಪ್ನಿಯನ್ನೂ ಬಿಡುವುದಿಲ್ಲ. ಎರಡನೆಯ ಮಹಡಿಯವರು ಒಮ್ಮೆ "ಮೆಕ್ಯಾನಿಕ್ ಆಗಿಬಿಟ್ಟಿರಾ?" ಎಂದು ಮರಾಠಿಯಲ್ಲಿ ತಮಾಷೆ ಮಾಡಿದರು. ನಕ್ಕೆ. ಆ ಕೆಲಸಕ್ಕೆ ಕಾಲು ಗಂಟೆ ಸಾಕು, ನಾನು ಒಂದು ಗಂಟೆ ತೆಗೆದುಕೊಳ್ಳುತ್ತೇನೆ. ಭಾನುವಾರ ಉದ್ದವಿರುತ್ತದೆ.

ಈ ವರ್ಷ ನಾಗರಪಂಚಮಿಯ ಮರುದಿನ ಅವಳ ಗಂಡ ನಮ್ಮ ವಾಚ್‌ಮನ್ನನ ಹತ್ತಿರ ಒಂದು ಸ್ಟೀಲಿನ ಡಬ್ಬಿ ಕೊಟ್ಟು ಹೋಗಿದ್ದ. ನಾನು ಲ್ಯಾಬಿನಲ್ಲಿದ್ದೆ. ಸಂಜೆ ತೆಗೆದು ನೋಡಿದರೆ ಶೇಂಗಾ ಉಂಡಿ, ಎಳ್ಳುಂಡಿ. ಚೀಟಿಯೇನೂ ಇರಲಿಲ್ಲ. ಫೋನ್ ಮಾಡಿದೆ. ಮಗಳು ಎತ್ತಿ, ಮಮ್ಮಿ ಶಾಲೆಯ ಮೀಟಿಂಗಿಗೆ ಹೋಗಿದ್ದಾಳೆ, ಹೇಳುತ್ತೇನೆ ಎಂದಳು ಹಿಂದಿಯಲ್ಲಿ. ದಿನಕ್ಕೊಂದರಂತೆ ಸಂಜೆಯ ಚಹಾದ ಜೊತೆ ತಿಂದೆ, ಹನ್ನೊಂದು ದಿನ ಬಂತು.

ಡಬ್ಬಿ ತೊಳೆದು ಅಡುಗೆಮನೆಯ ಕಟ್ಟೆಯ ಮೇಲೆ ಮಗುಚಿ ಇಟ್ಟಿದ್ದೇನೆ. ಖಾಲಿ ಕೊಡುವ ಪದ್ಧತಿ ನಮ್ಮಲ್ಲೂ ಇಲ್ಲ, ಅವರಲ್ಲೂ ಇರಲಿಕ್ಕಿಲ್ಲ. ಒಬ್ಬಳೇ ಇದ್ದು ತಿಂಡಿ ಮಾಡುವ ಅಭ್ಯಾಸ ತಪ್ಪಿಹೋಗಿದೆ. ನೀರುದೋಸೆ ಡಬ್ಬಿಯಲ್ಲಿ ಒಯ್ಯುವಂಥದಲ್ಲ. ಪತ್ರೊಡೆ ಮಾಡೋಣವೆಂದರೆ ಕೆಸುವಿನ ಎಲೆಗೆ ಮಾಟುಂಗದ ಮಾರ್ಕೆಟ್ಟಿಗೇ ಹೋಗಬೇಕು. ಅವಳಿಗೆ ಅದು ಸೇರುತ್ತದೋ ಇಲ್ಲವೋ, ಮೂರು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ನಾಡಿದ್ದು ಭಾನುವಾರ. ಎಲೆ ಸಿಕ್ಕರೆ ಮಾಡಬೇಕು ಅಂದುಕೊಂಡಿದ್ದೇನೆ.